ಭಾವನ ಜೀಪು ಮತ್ತು ಹಗಲಿನ ಲೈಟು

ಸ್ನೇಹಿತರೇ, ನಿನ್ನೆ ಕನಸಿನಲ್ಲಿ ಭಾವನ ಜೀಪು ಹೊತ್ತಿ ಉರಿದಿತ್ತು. ಇವತ್ತು ಯಲ್ಲಾಪುರದ ದಾರಿಯಲ್ಲಿ ನಿಜವಾಗಿಯೂ ಸೈಲೆನ್ಸರಿನಿಂದ ದಟ್ಟ ಹೊಗೆ!

ಭಾವ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಕೊಡುವ ಟರ್ಬೊವನ್ನು ಜೀಪಿನ ಹಿಂಭಾಗದ ಅಡಿಗೆ ಕೂರಿಸಿದ್ದಾನೆ. ಅಲ್ಲಿಗೆ ಹೋದ ಆಯಿಲು ತಾನಾಗಿ ಎಂಜಿನ್ನಿಗೆ ಹತ್ತುವುದಿಲ್ಲ, ಪುಟ್ಟ ಪಂಪು ಎತ್ತಬೇಕು. ಪಂಪು ನಿಂತರೆ ಆಯಿಲು ಟರ್ಬೊದಲ್ಲೇ ತುಂಬಿ, ಸೈಲೆನ್ಸರಿಗೆ ಸೋರಿ ಸುಟ್ಟು ಹೊಗೆಯಾಗುತ್ತದೆ. ಹತ್ತಿರ ಸಿಕ್ಕಿತೆಂದು ಹಿಂದಿನ ಲೈಟಿನ ವಯರನ್ನೇ ಪಂಪಿಗೆ ಕೊಟ್ಟಿದ್ದ. ಹಾಗಾಗಿ ಹಗಲಲ್ಲೂ ಲೈಟು ಹಾಕಿಯೇ ಓಡಿಸಬೇಕು.

"ಭಾವಾ, ಲೈಟ್ ಆರ್ಸಿದ್ಯನಾ?" ಎಂದು ಪಕ್ಕದ ಸೀಟಿನಿಂದ ಕೂಗಿದೆ.

"ಎದ್ರಿಗೆ ಬಂದ ಬೈಕಿನವ ಲೈಟ್ ಉರಿತಾ ಇದ್ದು ಹೇಳಿ ಕೈ ಮಾಡ್ದ. ಪಾಪ, ಅಷ್ಟು ಹೇಳ್ದ ಹೇಳಿ ಆರ್ಸ್ದಿ!"

ಲೈಟು ಹಾಕಿದೆವು. ಸ್ವಲ್ಪ ಹೊತ್ತಿಗೆ ಹೊಗೆ ನಿಂತಿತು. ಟರ್ಬೊ ಉಳಿಯಿತು, ನನ್ನ ಜೀವವೂ ತಣ್ಣಗಾಯಿತು. ಆಮೇಲೆ ಕೈ ಮಾಡಿದವರಿಗೆಲ್ಲ ನಾವೂ ಕೈ ಬೀಸುತ್ತ ಮನೆಗೆ ಬಂದೆವು.

ಈಗ ಪಂಪಿನ ವಯರನ್ನು ಜೀಪು ಚಾಲೂ ಮಾಡುವ ಕೀಲಿಯ ಸ್ವಿಚ್ಚಿಗೆ ಜೋಡಿಸಿದ್ದಾನಂತೆ. ಭಾವಾ, ಸಿಟ್ಟು ಮಾಡಡ, ಲೈಟ್ ಆರ್ಸಿ ಪಂಪು ತಿರುಗ್ತಾ ಇದ್ದನಾ ಇನ್ನೊಂದ್ ಸಲ ನೋಡು ಮಾರಾಯಾ.