ಸಡಿಲ ಹಿಡಿತದಲ್ಲಿಟ್ಟ ಅಲಾರಂ

ಹುಮನಾಬಾದಿನಲ್ಲಿ ದನ, ಕುರಿಗಳ ಔಷಧಿ ಮಾರುವ ಅಂಗಡಿಯೊಂದಕ್ಕೆ ನಾನು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬಸವಕಲ್ಯಾಣದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಅಂಗಡಿಯ ಮಾಲೀಕರು ನಮ್ಮಣ್ಣನ ಗೆಳೆಯರು, ಕೇಳಿದರು, ಒಪ್ಪಿಕೊಂಡೆ. ಲಸಿಕೆ ಇಡುವ ಫ್ರಿಜ್ಜಿನ ಉಷ್ಣತೆಯನ್ನು ಪ್ರೋಗ್ರಾಂ ನಿಮಿಷಕ್ಕೊಮ್ಮೆ ನೋಡಬೇಕು, ಏರಿದರೆ ಅಲಾರಂ ಹೊಡೆಯಬೇಕು. ಅಷ್ಟೇ.

ಅಂಗಡಿಯನ್ನು ನಿಜವಾಗಿ ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಯಾವ ಖಾನೆಯಲ್ಲಿ ಯಾವ ಔಷಧಿ ಇದೆಯೆಂದು ತಿರುಗಿ ನೋಡದೆ ಕೈ ಹಾಕಿ ತೆಗೆಯುತ್ತಿದ್ದರು. ಕುರಿ ಕಾಯುವವರು ಬಂದರೆ ಮೊದಲು ಕುರಿಗಳ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಕೆಲವು ವಾರ ಕಳೆದ ಮೇಲೆ ಆಪಾ ಫೋನ್ ಮಾಡಿದರು. "ಬೇಟಿ, ನಿಮ್ಮ ಮಷಿನ್ ಮಧ್ಯಾಹ್ನ ಆಗೋದ್ರಾಗ ಸುಸ್ತಾಗ್ತದ. ಏನು ಒತ್ತಿದ್ರೂ ಅಲ್ಲಾಡಂಗಿಲ್ಲ."

ಹೋಗಿ ನೋಡಿದೆ. ನಾನು ಬಳಸಿದ ಭಾಷೆಯಲ್ಲಿ ಬೇಡವಾದ ಆಬ್ಜೆಕ್ಟುಗಳನ್ನು ಮೆಮೊರಿಯಿಂದ ಗುಡಿಸಿ ಹಾಕಲು ಗಾರ್ಬೇಜ್ ಕಲೆಕ್ಟರ್ ಎಂಬುದಿದೆ. ಪ್ರೋಗ್ರಾಮಿನ ಯಾವುದಾದರೂ ಭಾಗ ಒಂದನ್ನು ಹಿಡಿದುಕೊಂಡಿದ್ದರೆ ಅದು ಮುಟ್ಟುವುದಿಲ್ಲ. ಉಷ್ಣತೆ ಬದಲಾದಾಗ ಪ್ರೋಗ್ರಾಮಿನ ಯಾವ್ಯಾವ ಭಾಗಕ್ಕೆ, ಅಂದರೆ ಯಾವ ಪರದೆಗೆ, ಅಲಾರಮ್ಮಿಗೆ, ತಿಳಿಸಬೇಕೆಂದು ನಾನೊಂದು ಪಟ್ಟಿ ಇಟ್ಟಿದ್ದೆ. ಆಪಾ ತೆರೆದು ಮುಚ್ಚಿದ ಪರದೆಗಳೆಲ್ಲ ಆ ಪಟ್ಟಿಯಲ್ಲೇ ಸಿಕ್ಕಿಕೊಂಡು ಉಳಿದು ಮೆಮೊರಿ ತುಂಬಿಸಿದ್ದವು. ಹಾಗಾಗಿ ಪಟ್ಟಿಯ ಹಿಡಿತಗಳನ್ನೆಲ್ಲ ವೀಕ್ ರೆಫರೆನ್ಸ್, ಅಂದರೆ ಸಡಿಲ ಹಿಡಿತ, ಮಾಡಿದೆ. ಅಂಥ ಹಿಡಿತವನ್ನು ಕಲೆಕ್ಟರ್ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಥರ್ಮಾಮೀಟರನ್ನು ಅಂಗೈಯಲ್ಲಿ ಹಿಡಿದು ನೋಡಿದೆ, ಅಲಾರಂ ಹೊಡೆಯಿತು. ಆಪಾ ಕಿವಿ ಮುಚ್ಚಿಕೊಂಡು ನಕ್ಕರು. ಹತ್ತು ನಿಮಿಷದ ಪರೀಕ್ಷೆ ಮುಗಿಸಿ ಬಸ್ಸು ಹತ್ತಿದೆ.

ಎಂಟು ದಿನದ ಮೇಲೆ ಮಾಲೀಕರ ಫೋನ್ ಬಂತು. ಫ್ರಿಜ್ಜಿನ ಪ್ಲಗ್ ಸಡಿಲಾಗಿ ಬೆಳಗಿನಿಂದ ಸಂಜೆಯವರೆಗೆ ಲಸಿಕೆಯೆಲ್ಲ ಬಿಸಿಯಾಗಿ ಕೆಟ್ಟಿತ್ತು. ಮರುದಿನ ದುಬಲಗುಂಡಿಯಲ್ಲಿ ಕುರಿಗಳಿಗೆ ಹಾಕಬೇಕಿದ್ದ ಲಸಿಕೆ.

"ಆಪಾ ಕಸ ಹೊಡೀವಾಗ ಪ್ಲಗ್ ಸರಿದಿರಬೇಕು, ಇರ್ಲಿ. ಆದ್ರ ಅಲಾರಂ ಹೊಡ್ದೇ ಇಲ್ಲ ಅಂತಾರ. ಹಂಗ ಆಗ್ತದೇನ್ರಿ?"

ನಾನು ಯೋಚಿಸಲೇ ಇಲ್ಲ. "ನಾ ಟೆಸ್ಟ್ ಮಾಡೇನ್ರಿ. ಹೊಡೀತದ. ಯಾರಾದ್ರೂ ಆವಾಜ್ ಬಂದ್ ಮಾಡಿರಬೇಕು," ಎಂದೆ.

ಅದೇ ವಾರ ಆಪಾ ಕೆಲಸ ಬಿಟ್ಟು ಮಂಠಾಳದ ಮಗಳ ಮನೆಗೆ ಹೋದರೆಂದು ತಿಳಿಯಿತು. ಆ ರವಿವಾರ ನನ್ನ ಕೋಡ್ ತೆರೆದು ನೋಡಿದೆ. ಕಾಲು ಗಂಟೆಯೂ ಬೇಕಾಗಲಿಲ್ಲ. ತೆರೆದಿರುವ ಪರದೆಯನ್ನು ಪ್ರೋಗ್ರಾಮಿನ ಬೇರೆ ಭಾಗವೂ ಹಿಡಿದುಕೊಂಡಿರುತ್ತಿತ್ತು. ಅಲಾರಮ್ಮಿಗೆ ಮಾತ್ರ ಆ ಪಟ್ಟಿ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ನಾನು ಬಸ್ಸು ಹತ್ತಿದ ಸ್ವಲ್ಪ ಹೊತ್ತಿಗೇ ಕಲೆಕ್ಟರ್ ಅದನ್ನು ಗುಡಿಸಿಹಾಕಿರಬೇಕು. ದೋಷದ ಸಂದೇಶವೂ ಬರುವುದಿಲ್ಲ.

ಒಂದು ಸಾಲು ಸೇರಿಸಿ ಅಲಾರಂ ಗಟ್ಟಿಯಾಗಿ ಉಳಿಯುವಂತೆ ಮಾಡಿದೆ. ಹುಮನಾಬಾದಿಗೆ ಹೋಗಿ "ಹೊಸ ಆವೃತ್ತಿ" ಎಂದು ಹೇಳಿ ಹಾಕಿಬಂದೆ. ನಿಜ ಹೇಳಲಿಲ್ಲ. ಕ್ಲಾಸಿನಲ್ಲಿ ಮಕ್ಕಳ ತಪ್ಪು ತಿದ್ದುವಾಗಲೆಲ್ಲ ಆಪಾ ನೆನಪಾಗುತ್ತಿದ್ದರು.

ಮೂರು ತಿಂಗಳ ಮೇಲೆ ತಡೆಯಲಾಗದೆ ಮಾಲೀಕರಿಗೆ ಎಲ್ಲ ಹೇಳಿದೆ. ಅವರು, "ಇದನ್ನ ನನಗಿಂತ ಮೊದಲು ಆಕಿಗೆ ಹೇಳ್ಬೇಕಿತ್ರಿ," ಎಂದರು. ಅಲ್ಲಿಂದ ನೇರವಾಗಿ ಮಂಠಾಳಕ್ಕೆ ಹೋದೆ.

ಆಪಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟೆ. "ಆಪಾ, ಅಲಾರಂ ಹೊಡೀಲಿಲ್ಲ ಅಂದಿದ್ದು ಖರೇ. ತಪ್ಪು ನಂದು."

ಅವರ ಕೈ ನಿಂತಿತು. "ಅವತ್ತು ನೀವು ಮಾತಾಡಿದ್ದು ನಾ ಕೇಳೇನಿ. ಸಾಹುಕಾರ್ರು ಸ್ಪೀಕರ್ ಹಚ್ಚಿದ್ರು." ಜೋಳದ ಮೊರವನ್ನು ಪಕ್ಕಕ್ಕಿಟ್ಟರು. "ಓದಿದೋರು ನೀವು. ನೀವು ಅಂದ್ಮ್ಯಾಲ ನನಗೂ ಶಕ್ ಬಂತು. ನಾನೇ ಬಂದ್ ಮಾಡಿ ಮರ್ತೆನೇನೋ ಅಂತ. ಈಗ ಒಲಿ ಆರಿಸಿದ್ರೂ ಮತ್ತೆ ಎದ್ದು ಹೋಗಿ ನೋಡಾಕತ್ತೇನಿ."

ಬೈದಿದ್ದರೆ ಹಗುರಾಗುತ್ತಿತ್ತೇನೋ.

ಆಪಾ ಒಳಗಿದ್ದ ಮಗಳನ್ನು ಕರೆದರು. "ಇಕಿ ಮುಂದ ಇನ್ನೊಮ್ಮೆ ಹೇಳ್ರಿ. ಅಮ್ಮಿಗೆ ವಯಸ್ಸಾಯ್ತು, ಮರೀತಾಳ ಅಂತ ತಿಳ್ಕೊಂಡಾಳ."

ಮತ್ತೆ ಮೊದಲಿನಿಂದ ಹೇಳಿದೆ. ಮಗಳು ಪೂರ್ತಿ ಕೇಳಿಸಿಕೊಂಡು, "ಇಷ್ಟು ದಿನ ಎಲ್ಲಿದ್ರಿ?" ಎಂದು ಕೇಳಿದಳು.

ಮಾಲೀಕರು ಆಮೇಲೆ ತಾವೇ ಹೋಗಿ ಆಪಾ ಅವರನ್ನು ಮತ್ತೆ ಕೆಲಸಕ್ಕೆ ಕರೆದರು. ಆಪಾ ಒಂದು ದಿನದ ಮಟ್ಟಿಗೆ ಅಂಗಡಿಗೆ ಬಂದು, ಚಹಾ ಕುಡಿದು, ಹೊಸದಾಗಿ ಸೇರಿದ ಹೆಂಗಸಿಗೆ ಖಾನೆಗಳನ್ನೆಲ್ಲ ತೋರಿಸಿಕೊಟ್ಟು ಮಂಠಾಳಕ್ಕೆ ಹಿಂತಿರುಗಿದರಂತೆ.