ಓಣಿಯೊಳಗೆ ಬಸ್ಸು

ಚಿತ್ತಾಪುರದಲ್ಲಿ ಮಹಿಳೆಯರ ಹಾಡಿನ ಸ್ಪರ್ಧೆಯಿತ್ತು. ಶಹಾಬಾದಿನ ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಒಂದು ಬಸ್ಸು ಬಾಡಿಗೆಗೆ ಹಿಡಿದೆವು. ಓಣಿಯೊಳಗಿನ ಬುದ್ಧ ವಿಹಾರದ ಮುಂದೆಯೇ ಬಂದು ನಿಲ್ಲಬೇಕೆಂದು ಮಾಲೀಕನಿಗೆ ನಾನೇ ಹೇಳಿದ್ದೆ. ಬೆಳಿಗ್ಗೆ ಡ್ರೈವರ್ ಬಸ್ಸನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿಬಿಟ್ಟ.

"ನಿಮ್ಮ ಓಣ್ಯಾಗ ಬಸ್ ಹೊಳ್ಳಸಾಕ ಜಾಗ ಇಲ್ರಿ. ಇಲ್ಲಿತನಕ ನಡಕೊಂಡ ಬರ್ರಿ" ಎಂದ.

ವಿಹಾರದ ಮುಂದಿನದು, ನೆಲಕ್ಕೆ ಹಾಸುವ ಫರ್ಸಿಕಲ್ಲು ಹೇರಿದ ಲಾರಿಗಳು ದಿನಾ ಹೊರಳುವ ಜಾಗ. ಮೇಲಿನ ಓಣಿಯ ಮದುವೆಗೆ ಇದೇ ಬಸ್ಸು, ನಮ್ಮದಕ್ಕಿಂತ ಇಕ್ಕಟ್ಟಾದ ದಾರಿಯಲ್ಲಿ, ಮನೆಬಾಗಿಲಿಗೇ ಹೋಗಿತ್ತು. ಯಾರ ಓಣಿಯಲ್ಲಿ ಜಾಗ ಇರುತ್ತದೆ, ಯಾರ ಓಣಿಯಲ್ಲಿ ಇರುವುದಿಲ್ಲ ಎಂಬುದು ನಮಗೇನು ಹೊಸದಲ್ಲ. ಸ್ಪರ್ಧೆಗೆ ಹೊತ್ತಾಗುತ್ತದೆಂದು ನಡೆದೆವು. ಮೊಣಕಾಲು ನೋವಿನ ನನ್ನ ಅತ್ತೆಯನ್ನು ಇಬ್ಬರು ಹಿಡಿದು ಕರೆತಂದೆವು. ಅವನು ಅದನ್ನು ಒಪ್ಪಿಗೆ ಎಂದುಕೊಂಡನೇನೋ.

ಸಂಜೆ ಅದೇ ರಸ್ತೆಯಲ್ಲಿ ಬ್ರೇಕ್ ಹಾಕಿ, "ಇಳೀರಿ" ಎಂದ. ಯಾರೂ ಏಳಲಿಲ್ಲ.

"ನಮ್ಮ ಓಣಿ ಇನ್ನಾ ಬಂದಿಲ್ರಿ" ಎಂದೆ.

ಅವನು ಹಾರ್ನ್ ಹೊಡೆದ. ಮಾಲೀಕನಿಗೆ ಫೋನ್ ಹಚ್ಚಿದ. ನಾವು ಹಾಡಲು ಶುರುಮಾಡಿದೆವು. ಸ್ಪರ್ಧೆಯಲ್ಲಿ ಬಹುಮಾನ ಬಾರದ ಹಾಡೇ ಅದು, ಆದರೆ ಈಗ ವೇದಿಕೆಯಲ್ಲಿ ಹಾಡಿದ್ದಕ್ಕಿಂತ ಭಾಳ ಜೋರಾಗಿ ಹಾಡಿದೆವು.

"ಹಾಡ್ರೆವಾ, ಬೆಳತನಕ ಹಾಡ್ರಿ" ಎಂದು ಅತ್ತೆ ಕಾಲು ಚಾಚಿ ಕುಳಿತರು.

ಕೊನೆಗೆ ಅವನು ಗೇರ್ ಹಾಕಿದ. ವಿಹಾರದ ಮುಂದೆ ಎಲ್ಲರೂ ಇಳಿದೆವು, ಆದರೆ ಯಾರೂ ಮನೆಗೆ ಹೋಗಲಿಲ್ಲ, ನಿಂತು ನೋಡಿದೆವು. ರಿವರ್ಸ್ ಕೂಡ ಹಾಕದೆ, ಬಸ್ಸು ಒಂದೇ ಸುತ್ತಿಗೆ ಹೊರಳಿತು.