ಗ್ಯಾರೇಜಿನ ಮತಗಟ್ಟೆ, ಬೀಟೆ ಮರದ ಆನೆ

ಅಮೆರಿಕದ ಅಧ್ಯಕ್ಷರ ಆಯ್ಕೆ ನಮ್ಮ ಮನೆಯೊಡತಿ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ನಡೆಯುತ್ತದೆ ಎಂದರೆ ಹುಬ್ಬಳ್ಳಿಯಲ್ಲಿ ಯಾರೂ ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ಒಂದು ಮುಂಜಾನೆ ಬಟ್ಟೆಯ ಬುಟ್ಟಿ ಹಿಡಿದು, ಅಲ್ಲೇ ಇರುವ ಒಗೆಯುವ ಯಂತ್ರಕ್ಕೆ ಹಾಕಲು ಹೋದರೆ ಕಾರು ಹೊರಗಿದೆ, ಹುಲ್ಲು ಕತ್ತರಿಸುವ ಯಂತ್ರ ಮೂಲೆಗೆ ಸರಿದಿದೆ, ಇಬ್ಬರು ಮುದುಕಿಯರು ಮಡಚುವ ಮೇಜುಗಳನ್ನು ಬಿಡಿಸುತ್ತಿದ್ದಾರೆ. ನಾಳೆ ಇಲ್ಲಿ ಮತದಾನ, ಬಟ್ಟೆ ನಾಡಿದ್ದು ಒಗೆದುಕೋ ಎಂದರು. ಪೊಲೀಸರು ಎಲ್ಲಿ ಎಂದು ಕೇಳಿದೆ. ಯಾಕೆ, ಏನಾದರೂ ಕಳವಾಯಿತೇ ಎಂದು ಅವರು ಗಾಬರಿಯಾದರು.

ನಾನು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಎಷ್ಟೋ ವರ್ಷ ಚುನಾವಣೆಗಳನ್ನು ವರದಿ ಮಾಡಿದವನು. ಸಾಲಿ ಕೋಣೆಯ ಮತಗಟ್ಟೆ, ಬಾಗಿಲಲ್ಲಿ ಲಾಠಿ, ಬೆರಳಿಗೆ ಶಾಯಿ, ಹೊರಗೆ ಪಕ್ಷಗಳವರ ಪೆಂಡಾಲು, ಎಲ್ಲಾ ಮುಗಿದ ಮೇಲೆ ದುರ್ಗದಬೈಲಿನ ಚಹಾದಂಗಡಿಯಲ್ಲಿ ಗಂಟಲು ಹರಿಯುವಂತೆ ಜಗಳ. ಅದು ನನಗೆ ಗೊತ್ತಿರುವ ಚುನಾವಣೆ. ಹೆಂಡತಿ ಸುನಂದಾಳಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗಗಳ ಸಂಶೋಧನೆಯ ಕೆಲಸ ಸಿಕ್ಕಿತು. ನಾನು ದೀರ್ಘ ರಜೆ ಹಾಕಿ ಅವಳ ಬೆನ್ನು ಹಿಡಿದು ಬಂದೆ. ನನ್ನ ವೀಸಾದ ಪ್ರಕಾರ ನಾನು ಅವಳ ಅವಲಂಬಿತ, ಇಲ್ಲಿ ದುಡಿಯುವ ಹಾಗಿಲ್ಲ. ನಮ್ಮಲ್ಲಿ ಗಂಡನ ಹಿಂದೆ ಹೋದ ಹೆಂಗಸರು ಈ ಶಬ್ದವನ್ನು ಹೇಗೆ ನುಂಗಿಕೊಂಡು ಬಾಳಿದರೋ ಎಂದು ಈಗ ಯೋಚಿಸುತ್ತೇನೆ.

ನಾವಿರುವುದು ಡೊರತಿ ಎಂಬ ವಿಧವೆಯ ಹಿತ್ತಿಲಲ್ಲಿರುವ ಪುಟ್ಟ ಮನೆಯಲ್ಲಿ. ಇದಕ್ಕೆ ಇಲ್ಲಿ ‘ಇನ್-ಲಾ ಯೂನಿಟ್’ ಎನ್ನುತ್ತಾರೆ. ಅತ್ತೆಯನ್ನೋ ಮಾವನನ್ನೋ ಹತ್ತಿರವೂ ಇಟ್ಟುಕೊಂಡು ದೂರವೂ ಇಡಲು ಕಟ್ಟಿಸಿದ ಮನೆ. ಕಂಪ್ಯೂಟರ್ ಕಂಪನಿಗಳ ಸಂತೆ ನೆರೆದಿರುವ ಈ ದಿನಗಳಲ್ಲಿ ಬಾಡಿಗೆಗೆ ಮನೆ ಸಿಗುವುದೇ ಪುಣ್ಯ. ಒಂದು ಮನೆ ನೋಡಲು ಹೋದಾಗ ನಮ್ಮಂಥವರು ಓಣಿಯುದ್ದಕ್ಕೂ ಸಾಲುಗಟ್ಟಿ ನಿಂತಿದ್ದರು, ಥೇಟ್ ರೇಶನ್ ಅಂಗಡಿ. ಡೊರತಿ ಮಾತ್ರ ನಮ್ಮ ಸಂಬಳ ಎಷ್ಟೆಂದು ಕೇಳಲಿಲ್ಲ. ನಿಮ್ಮ ಅಡುಗೆಯ ವಾಸನೆ ನನ್ನ ಕಿಟಕಿಗೂ ಬರಲಿ ಎಂದಳು. ಆ ಋಣಕ್ಕೆ ಮೈಸೂರಿನಿಂದ ತಂದಿದ್ದ, ಸೊಂಡಿಲೆತ್ತಿದ ಬೀಟೆ ಮರದ ಆನೆಯನ್ನು ಅವಳಿಗೆ ಕೊಟ್ಟೆ. ‘ಓ, ಆನೆ!’ ಎಂದು ಬಹಳ ಹೊತ್ತು ಅದನ್ನೇ ನೋಡಿದಳು. ಕೆಲವು ದಿನ ಅದು ಅವಳ ಹಾಲ್‌ನಲ್ಲಿತ್ತು. ಆಮೇಲೆ ಗ್ಯಾರೇಜಿಗೆ ಹೋಗಿ ಬಣ್ಣದ ಡಬ್ಬಿಗಳ ಪಕ್ಕ ಕೂತಿತು. ಬಟ್ಟೆ ಒಗೆಯಲು ಹೋದಾಗಲೆಲ್ಲ ಅದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಸುನಂದಾ ಲ್ಯಾಬಿಗೆ ಹೋದ ಮೇಲೆ ನನಗೆ ಟೀವಿಯೇ ಗತಿ. ಈ ಚಳಿಗಾಲವಿಡೀ ಅದರಲ್ಲಿ ಪ್ರೈಮರಿಯದೇ ಸುದ್ದಿ. ಪ್ರೈಮರಿ ಎಂದರೆ ನಿಜವಾದ ಚುನಾವಣೆಗೂ ಮುನ್ನ ಒಂದೊಂದು ಪಕ್ಷದವರು ತಮ್ಮ ಅಭ್ಯರ್ಥಿ ಯಾರೆಂದು ಜನರಿಂದಲೇ ಮತ ಹಾಕಿಸಿ ಆರಿಸುವುದು. ನಮ್ಮಲ್ಲಿ ಟಿಕೆಟ್ಟಿಗಾಗಿ ದಿಲ್ಲಿಯ ಬಾಗಿಲು ಕಾಯುತ್ತಾರೆ. ಇಲ್ಲಿ ಅಭ್ಯರ್ಥಿಗಳು ಜನರ ಮನಸ್ಸು ಗೆಲ್ಲಲು ಹಿಮ ಬೀಳುವ ಸಣ್ಣ ಊರುಗಳ ಹೋಟೆಲುಗಳಲ್ಲಿ ದೋಸೆಯಂಥ ಪ್ಯಾನ್‌ಕೇಕನ್ನು ಮಗುಚಿ ಹಾಕುತ್ತಾರೆ. ಇದು ದಿಲ್ಲಿಗಿಂತ ಮೇಲು ಎಂದು ಮೊದಲು ಅನ್ನಿಸಿತು. ನೋಡುತ್ತಾ ನೋಡುತ್ತಾ ಸಿಟ್ಟು ಬಂತು. ಒಂದೊಂದು ರಾಜ್ಯದ ಮತದಾನ ಒಂದೊಂದು ದಿನ, ಕೈಬೆರಳೆಣಿಕೆಯ ಸಣ್ಣ ರಾಜ್ಯಗಳು ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡು ಏಳುತ್ತವೆ. ಇಷ್ಟು ದೊಡ್ಡ ಕ್ಯಾಲಿಫೋರ್ನಿಯಾದ ಎಲೆಗೆ ಬರುವ ಹೊತ್ತಿಗೆ ಅರ್ಧ ಅಭ್ಯರ್ಥಿಗಳು ಸೋತು ಮನೆಗೆ ಹೋಗಿರುತ್ತಾರೆ.

ಇನ್ನು ನನ್ನ ವೃತ್ತಿಬಾಂಧವರ ಮಾತು. ಒಬ್ಬ ಅಭ್ಯರ್ಥಿ ಆಸ್ಪತ್ರೆಯ ಖರ್ಚಿನ ಬಗ್ಗೆ ಒಳ್ಳೆಯ ಮಾತಾಡಿದ. ಆದರೆ ಅವನು ನಗುವುದಿಲ್ಲ ಎಂಬುದರ ಮೇಲೆ ಸಂಜೆಯವರೆಗೂ ಚರ್ಚೆ ನಡೆಯಿತು. ಇನ್ನೊಬ್ಬ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ವರದಿಗಾರರ ಹೆಗಲ ಮೇಲೆ ಕೈ ಹಾಕುತ್ತಾನೆ. ಅವರು ಅವನನ್ನು ಸರಳ ಮನುಷ್ಯ ಎಂದು ಬರೆಯುತ್ತಾರೆ. ಮಗದೊಬ್ಬ ಸತ್ಯ ಹೇಳುವವನೆಂದು ಹೆಸರಾಗಿದ್ದಾನೆ. ಯಾವ ಸತ್ಯ ಹೇಳಿದ ಎಂದು ಯಾರೂ ಕೇಳುವುದಿಲ್ಲ. ಯಾರು ಮುಂದೆ, ಯಾರು ಹಿಂದೆ, ಇದಿಷ್ಟೇ ಸುದ್ದಿ. ನಾನು ಹಾಗೆ ಬರೆದುಕೊಂಡು ಹೋಗಿದ್ದರೆ ನಮ್ಮ ಸಂಪಾದಕರು ಹಾಳೆಯನ್ನು ಮುಖದ ಮೇಲೆ ಎಸೆಯುತ್ತಿದ್ದರು.

ಇದನ್ನೆಲ್ಲ ಯಾರಿಗೆ ಹೇಳಲಿ? ಹತ್ತಿರದ ಲಾಸ್ ಆಲ್ಟೋಸ್ ಊರಿನಲ್ಲಿರುವ ಮಂಡ್ಯದ ಇಂಜಿನಿಯರೊಬ್ಬರು ಊಟಕ್ಕೆ ಕರೆದಿದ್ದರು. ಬಿಸಿಬೇಳೆಬಾತಿನ ಮುಂದೆ ನಾನು ಪ್ರೈಮರಿಯ ಮಾತು ತೆಗೆದೆ. ‘ಪಾಲಿಟಿಕ್ಸು ಬಿಡಿ ಸಾರ್, ಯಾರ್ ಬಂದ್ರೂ ನಮಗೇನು? ನಮ್ಮ ಕಂಪನಿ ಶೇರು ಈ ಸಲ ಹೆಂಗೆ ಏರ್ತು ನೋಡಿದ್ರಾ?’ ಎಂದರು ಅವರು. ಅವರ ಮಗಳನ್ನು ಕೇಳಿದೆ, ಶಾಲೆಯಲ್ಲಿ ಚುನಾವಣೆಯ ಬಗ್ಗೆ ಹೇಳಿಕೊಡುತ್ತಾರೇನಮ್ಮಾ ಎಂದು. ಅವಳು ಇಂಗ್ಲಿಷಿನಲ್ಲಿ ‘ಕೈಂಡ್ ಆಫ್’ ಎಂದು ಒಳಗೆ ಹೋದಳು. ಫ್ರೀವೇಯಲ್ಲಿ ಮನೆಗೆ ಮರಳುವಾಗ ನನಗೆ ಊರಿನ ನೆನಪಾಗುತ್ತಿತ್ತು ಎಂದರೆ ಸರಿಯಲ್ಲ, ಜಗಳದ ನೆನಪಾಗುತ್ತಿತ್ತು. ‘ನಿನಗೇನ್ ತಿಳೀತೈತಲೇ’ ಎಂದು ಮೇಜು ಗುದ್ದುವವನೊಬ್ಬ ಬೇಕಾಗಿತ್ತು.

ಅಷ್ಟರಲ್ಲಿ ಸುನಂದಾಳ ವಿಭಾಗದವರು ಅವಳಿಗೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವುದಾಗಿ ಹೇಳಿದರು. ಅದು ಇಲ್ಲಿ ಕಾಯಂ ನೆಲೆಸುವ ಅನುಮತಿ. ಅತ್ತ ನಮ್ಮ ಪತ್ರಿಕೆಯವರು, ಯುಗಾದಿಯ ಒಳಗೆ ಬಂದರೆ ನಿನ್ನ ಕುರ್ಚಿ ನಿನಗೆ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದು ತಿಳಿಸಿದ್ದರು.

‘ನೀ ಹ್ಞೂಂ ಅಂದ್ರ ಹಾಕಸ್ತೀನಿ, ಇಲ್ಲಂದ್ರ ಇಬ್ರೂ ಹೋಗೂಣು,’ ಎಂದಳು ಸುನಂದಾ. ‘ಆದ್ರ ಅರ್ಧಾ ಮನಸ್ಸಿಂದ ಇಲ್ಲಿದ್ದು ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡ. ಈ ವಾರದಾಗ ಹೇಳು.’

ಆ ವಾರದಲ್ಲೇ ಮತದಾನ. ಮಂಗಳವಾರ ಮುಂಜಾನೆ ಸುನಂದಾ ಹೊರಟ ಮೇಲೆ ನಾನು ಗ್ಯಾರೇಜಿನ ಮುಂದೆ ನಿಂತೆ. ಜನ ನಾಯಿ ಹಿಡಿದುಕೊಂಡು, ಕಾಫಿ ಕುಡಿಯುತ್ತಾ ಬರುತ್ತಿದ್ದರು. ಒಳಗಿನಿಂದ ಮತಗಟ್ಟೆಯ ಮುಖ್ಯಸ್ಥೆ, ಕನ್ನಡಕದ ಹೆಂಗಸು, ಡೊರತಿಯನ್ನು ಕರೆದಳು. ‘ಇದನ್ನು ನಿನ್ನೆಯೇ ನೋಡಬೇಕಿತ್ತು. ಇಲ್ಲಿರಬಾರದು’ ಎಂದು ನನ್ನ ಆನೆಯನ್ನು ತೋರಿಸಿದಳು. ಆಗ ನನ್ನ ತಲೆಗೆ ಹೊಳೆಯಿತು. ಇಲ್ಲಿನ ಎರಡು ಪಕ್ಷಗಳಲ್ಲಿ ಒಂದರ ಗುರುತು ಕತ್ತೆ, ಇನ್ನೊಂದರದು ಆನೆ! ಟೀವಿಯ ವ್ಯಂಗ್ಯಚಿತ್ರಗಳಲ್ಲಿ ದಿನವೂ ನೋಡಿದ್ದೆ. ಆದರೆ ಅದು ಆ ಆನೆ, ಇದು ನಮ್ಮ ದಸರೆಯ ಆನೆ ಎಂದು ಮನಸ್ಸು ಎರಡನ್ನೂ ಬೇರೆ ಬೇರೆ ಕಟ್ಟಿಹಾಕಿತ್ತು. ಚುನಾವಣೆ ಬಂದಾಗ ಸರಕಾರಿ ಕಚೇರಿಗಳಲ್ಲಿ ನಾಯಕರ ಫೋಟೋಗಳಿಗೆ ಬಟ್ಟೆ ಹೊದಿಸಿದ್ದನ್ನು ವರದಿ ಮಾಡಿದ ಮಹಾಶಯ ನಾನು!

ಡೊರತಿ ಆನೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಳು. ‘ನಾನು ಹುಟ್ಟಿದಾಗಿನಿಂದ ಕತ್ತೆಯ ಪಕ್ಷ, ಡಿಯರ್. ಇದು ಹಾಲ್‌ನಲ್ಲಿದ್ದಾಗ ಬಂದ ಗೆಳತಿಯರೆಲ್ಲ ಯಾವಾಗ ಪಕ್ಷ ಬದಲಿಸಿದೆ ಎಂದು ಕೇಳಿದರು. ಎಸೆಯಲು ಮನಸ್ಸು ಬರಲಿಲ್ಲ. ನೀನು ಅಷ್ಟು ದೂರದಿಂದ ಹೊತ್ತು ತಂದದ್ದು.’

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಮತಗಟ್ಟೆಯ ಹತ್ತಿರ ಪಕ್ಷದ ಮಾತಾಡುವಂತಿಲ್ಲ ಎಂಬ ನಿಯಮ ಇಲ್ಲಿಯೂ ಇದೆ. ಹಾಗಾಗಿ ಡೊರತಿ ಮತ ಹಾಕಿ, ಮೊದಲ ಸಲ ಹಿತ್ತಿಲಿನ ನಮ್ಮ ‘ಅತ್ತೆಮನೆ’ಗೆ ಬಂದು ಕೂತಳು. ಆನೆಯನ್ನು ಮೇಜಿನ ಮೇಲಿಟ್ಟು ನಾನು ಶುಂಠಿ ಹಾಕಿ ಚಹಾ ಕುದಿಸಿದೆ. ಅವಳು ಯಾರಿಗೆ ಹಾಕಿದೆ ಎಂದು ತಾನೇ ಹೇಳಿದಳು: ಟೀವಿಯವರು ನಗುವುದಿಲ್ಲ ಎಂದ ಆ ಅಭ್ಯರ್ಥಿಗೆ. ನಾನು ಸುಮ್ಮನಿರಬಹುದಿತ್ತು. ‘ಅವನ ಆಸ್ಪತ್ರೆಯ ಮಾತು ಸರಿ, ಆದರೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಅವನು ಹೇಳಿಲ್ಲ’ ಎಂದುಬಿಟ್ಟೆ. ‘ನೀನು ಟೀವಿ ಮಾತ್ರ ನೋಡಿದ್ದೀಯ!’ ಎಂದು ಅವಳು ಕಪ್ಪನ್ನು ಕುಕ್ಕಿದಳು. ಚಹಾ ಚೆಲ್ಲಿತು. ಆಮೇಲೆ ನಡೆದ ಜಗಳವಿದೆಯಲ್ಲ, ಏನು ಸುಖ! ಅವಳು ನನ್ನ ವೃತ್ತಿಯನ್ನು ಬೈದಳು, ನಾನು ಅವಳ ಪಕ್ಷವನ್ನು ಬೈದೆ. ಆನೆ ಇಬ್ಬರ ನಡುವೆ ಸೊಂಡಿಲೆತ್ತಿಕೊಂಡು ನಿಂತಿತ್ತು.

ಕೊನೆಗೆ ಅವಳು ಕೇಳಿದಳು: ‘ಸರಿ, ನಿನಗೆ ಮತ ಇದ್ದಿದ್ದರೆ ಯಾರಿಗೆ ಹಾಕುತ್ತಿದ್ದೆ?’

ಒಬ್ಬೊಬ್ಬ ಅಭ್ಯರ್ಥಿಯನ್ನೂ ಜಾಲಾಡಿದವನು ನಾನು, ಆದರೆ ಈ ಪ್ರಶ್ನೆಯನ್ನು ನನಗೆ ನಾನೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹುಬ್ಬಳ್ಳಿಯಲ್ಲಿ ಮತ ಹಾಕುವಾಗ ಬಾರದ ನಳದ ನೀರು, ಓಣಿಯ ಗಟಾರ, ಪಕ್ಕದ ಮನೆಯವರ ಮಗಳು ನಡೆದುಹೋಗುವ ಸಾಲಿ ಕಣ್ಣ ಮುಂದೆ ಬರುತ್ತಿದ್ದವು. ಇಲ್ಲಿ ಕಣ್ಣು ಮುಚ್ಚಿದರೆ ಬರೀ ಟೀವಿಯ ಮುಖಗಳು. ಟೀಕೆ ಮಾಡುವುದಕ್ಕೆ ಟೀವಿ ಸಾಕು, ಮತ ಹಾಕುವುದಕ್ಕೆ ಒಂದು ಓಣಿ ಬೇಕು. ಗೊತ್ತಿಲ್ಲ ಎಂದು ಒಪ್ಪಿಕೊಂಡೆ.

‘ಹಾಗಿದ್ದರೆ ಗೊತ್ತಾಗುವವರೆಗೆ ಇರು,’ ಎಂದಳು ಡೊರತಿ. ‘ನನ್ನ ಗಂಡ ಆನೆಯ ಪಕ್ಷದವನಾಗಿದ್ದ. ಅವನು ಹೋದ ಮೇಲೆ ಈ ಮನೆಯಲ್ಲಿ ಯಾರೂ ನನಗೆ ಎದುರು ಮಾತಾಡಿರಲಿಲ್ಲ.’

ಸಂಜೆ ಸುನಂದಾ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗಲೇ ‘ಅರ್ಜಿ ಹಾಕಸು’ ಎಂದೆ. ಅವಳು ಬಗ್ಗಿದಲ್ಲಿಂದಲೇ ತಲೆಯೆತ್ತಿ ನೋಡಿದಳು. ‘ಖರೇನ? ಪೂರಾ ಮನಸ್ಸಿಂದ?’ ಎಂದು ಕೇಳಿದಳು. ಪೂರಾ ಎಂದು ಹೇಳಿದೆ. ಹೇಳುವಾಗ ಅದು ನಿಜವೇ ಆಗಿತ್ತು.

ಗ್ಯಾರೇಜಿನ ಬಾಗಿಲು ಮುಚ್ಚಿದ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಮರುದಿನ ಬೆಳಗಿನ ಚಹಾದ ಸಮಯ. ದುರ್ಗದಬೈಲಿನ ಆ ಚಹಾದಂಗಡಿಯ ಫೋನಿಗೆ ಮಾಡಿ, ಪಕ್ಕದಲ್ಲೇ ಅರಿವೆ ಅಂಗಡಿ ಇಟ್ಟಿರುವ ನನ್ನ ಗೆಳೆಯ ಬಸವರಾಜನನ್ನು ಕರೆಸಿದೆ. ನಾನು ಇಲ್ಲೇ ಉಳಿಯುತ್ತೇನೆ, ಕುರ್ಚಿ ಬಿಟ್ಟೆ ಎಂದು ಮೊದಲು ಅವನಿಗೇ ಹೇಳಬೇಕಿತ್ತು.

‘ಛೊಲೋ ಆತ ಬಿಡಪಾ,’ ಎಂದ. ಅವನ ಹಿಂದೆ ಗದ್ದಲ ನಡೆದಿತ್ತು. ವಾರ್ಡಿನ ಚುನಾವಣೆ ಬರುವುದಿದೆಯಂತೆ. ನಮ್ಮ ವಾರ್ಡಿನಾಗ ಯಾರ್ ನಿಂತಾರ ಎಂದು ಆಸೆಯಿಂದ ಕೇಳಿದೆ.

‘ಅದು ನಮ್ಮ ತಲಿಬ್ಯಾನಿ, ನಮಗಿರ್ಲಿ. ನೀ ನಿಮ್ಮ ಅಮೇರಿಕಾದಾಗ ಯಾರ್ ಬರ್ತಾರ ಹೇಳು. ಇಲ್ಲಿ ಎಲ್ಲಾರೂ ಕೇಳಾಕತ್ತಾರ.’

ಬಲ್ಲವನಂತೆ ಹೇಳಿದೆ. ಅವನು ಅದನ್ನು ಕೂಗಿ ಎಲ್ಲರಿಗೂ ದಾಟಿಸಿದ. ಯಾರೂ ಎದುರಾಡಲಿಲ್ಲ. ಅಮೆರಿಕದಲ್ಲಿರುವವನು ಹೇಳಿದ ಮೇಲೆ ಮುಗಿಯಿತು. ನನ್ನ ಮಾತಿಗೆ ಆ ಅಂಗಡಿ ಹಾಗೆ ಸುಮ್ಮನಾದದ್ದು ಅದೇ ಮೊದಲು, ನನಗೆ ಅಳು ಬಂತು.

ಇನ್ನೇನ್ ಮತ್ತ ಎಂದ ಬಸವರಾಜ. ‘ಫೋನ್ ಇಡಬ್ಯಾಡೋ. ನೀವ್ ಮಾತಾಡ್ರಿ, ನಾ ಸ್ವಲ್ಪ ಕೇಳತೇನಿ’ ಎಂದೆ. ಅವನು ರಿಸೀವರನ್ನು ಬೆಂಚಿನ ಮೇಲೆ ಮಲಗಿಸಿ ಹೋದ. ಜಗಳ ಮತ್ತೆ ಏರಿತು. ಲೋಟಗಳ ಸದ್ದು, ಒಬ್ಬರ ಮೇಲೊಬ್ಬರ ದನಿ. ಹೋದ ಸಲ ನಮ್ಮ ವಾರ್ಡಿನಲ್ಲಿ ಗೆದ್ದವನ ಹೆಸರನ್ನು ಯಾರೋ ತಪ್ಪು ಹೇಳಿದರು. ಎಲ್ಲರೂ ಅದನ್ನೇ ಒಪ್ಪಿಕೊಂಡು ಮುಂದೆ ಹೋದರು. ‘ಹಂಗಲ್ಲೋ, ಅಂವ ಅಲ್ಲ!’ ಎಂದು ನಾನು ಕೂಗಿದೆ. ಒಳಗಿನಿಂದ ಸುನಂದಾ ಓಡಿ ಬಂದಳು. ಮತ್ತೆ ಕೂಗಿದೆ. ದುರ್ಗದಬೈಲಿನಲ್ಲಿ ಯಾರಿಗೂ ಕೇಳಿಸಲಿಲ್ಲ.